ಭರತ-ಇಳಿತಗಳ ನಡುವಣ ನಾಡು

ಗೋಕರ್ಣಕ್ಕೆ ಬರುವ ಯಾತ್ರಿಕನ ಪಾಲಿಗೆ ಸಮುದ್ರವೆಂಬುದು ಒಂದೇ. ಸಮುದ್ರಸ್ನಾನವನ್ನು ಮುಗಿಸಿ, ಒದ್ದೆ ಬಟ್ಟೆಯನ್ನು ಹಿಂಡಿಕೊಂಡು, ಮಹಾಬಲೇಶ್ವರನ ದರ್ಶನಕ್ಕೆ ಅವಸರಪಡುವ ಆತನಿಗೆ ಮರಳೆಂದರೆ ಮರಳು, ನೀರೆಂದರೆ ನೀರು. ಆದರೆ ಅದೇ ಯಾತ್ರಿಕ ಒಂದು ದಿನ ಹೆಚ್ಚಾಗಿ ಉಳಿದು, ಊರಿನ ತೆಂಕಣ ಗುಡ್ಡವನ್ನೇರಿ, ಕಡಲಂಚನ್ನು ಬಿಡದೆ ತದಡಿಯವರೆಗೆ ನಡೆದನೆಂದರೆ, ಹತ್ತು ಹನ್ನೆರಡು ಕಿಲೋಮೀಟರಿನ ಒಳಗೆ ಮೂರು ಬೇರೆ ಬೇರೆ ರಾಜ್ಯಗಳನ್ನು ದಾಟಿದ ಅನುಭವ ಅವನಿಗಾಗುತ್ತದೆ. ಮೊದಲನೆಯದು ಮರಳಿನದು, ಎರಡನೆಯದು ಕಲ್ಲಿನದು, ಕೊನೆಯದು ಕೆಸರಿನದು. ಒಂದರ ಪ್ರಜೆ ಇನ್ನೊಂದರಲ್ಲಿ ಬದುಕಲಾರದು. ಗಡಿಗಳಾದರೋ ಸರಕಾರದ ನಕಾಶೆಯಲ್ಲಿರುವ ಯಾವ ಗಡಿಗಿಂತಲೂ ಕಟ್ಟುನಿಟ್ಟಾದವು.

ಮಾಜಾಳಿಯಿಂದ ತಲಪಾಡಿಯವರೆಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿ ಹಬ್ಬಿದ ಕನ್ನಡ ಕರಾವಳಿಯಲ್ಲಿ ಇಂಥ ತಾಣಗಳು ಬೇರೆಯೂ ಇವೆ. ಆದರೆ ಇಷ್ಟು ಕಡಮೆ ನಡಿಗೆಯಲ್ಲಿ ಇಷ್ಟೆಲ್ಲವನ್ನೂ ತೋರಿಸುವ ಔದಾರ್ಯ ಕುಮಟಾ ಸೀಮೆಯದು. ತೀರವನ್ನು ವಿಂಗಡಿಸಹೊರಟ ವಿಜ್ಞಾನಿ ಎಲ್ಲಿ ಹೋದರೂ ಕೇಳುವ ಪ್ರಶ್ನೆಗಳು ಹೆಚ್ಚಿನವಲ್ಲ. ಕಾಲಡಿಯಲ್ಲಿ ಏನಿದೆ? ಅಲೆಯ ಪೆಟ್ಟು ಎಷ್ಟು ಬಲವಾದುದು? ಆ ಜಾಗ ದಿನಕ್ಕೆ ಎಷ್ಟು ಹೊತ್ತು ನೀರಿನ ಹೊರಗೆ ಬಿಸಿಲಿಗೆ ಒಡ್ಡಿಕೊಂಡಿರುತ್ತದೆ? ಅಲ್ಲಿಯ ನೀರು ಎಷ್ಟು ಉಪ್ಪು? ಇವಕ್ಕೆ ಉತ್ತರ ದೊರೆತ ಮೇಲೆ ಅಲ್ಲಿ ಯಾರು ವಾಸವಾಗಿದ್ದಾರೆಂದು ನೋಡಿದರೆ, ಬಹುಮಟ್ಟಿಗೆ ಊಹಿಸಿದವರೇ ಇರುತ್ತಾರೆ. ಕೆಲವೊಮ್ಮೆ ಇರುವುದಿಲ್ಲ, ಸ್ವಾರಸ್ಯವೆಲ್ಲ ಆಗಲೇ.

ಗೋಕರ್ಣದ ದೊಡ್ಡ ಮರಳ ದಂಡೆ ನೋಡುವವರ ಕಣ್ಣಿಗೆ ಬರಿದಾದುದು. ಅಲ್ಲಿ ಗಿಡವಿಲ್ಲ, ಅಂಟಿಕೊಂಡ ಚಿಪ್ಪಿಲ್ಲ. ಕಾರಣ ಸರಳವಾಗಿದೆ. ಮರಳು ನಿಲ್ಲುವ ವಸ್ತುವಲ್ಲ. ಪ್ರತಿಯೊಂದು ಅಲೆಯೂ ಅದನ್ನು ಕದಡಿ ಬೇರೆಡೆಗೆ ಸಾಗಿಸುತ್ತದೆ. ಜೂನ್ ತಿಂಗಳಿನಲ್ಲಿ ಮಳೆಗಾಲದ ಹೆದ್ದೆರೆಗಳೆದ್ದವೆಂದರೆ ದಂಡೆಯ ಮರಳು ಕಡಲೊಳಗೆ ಸರಿದು, ಬೇಸಗೆಯಲ್ಲಿ ಅಗಲವಾಗಿದ್ದ ತೀರ ಕಿರಿದಾಗುತ್ತದೆ; ಕಡಲು ಶಾಂತವಾದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ಸ್ವಲ್ಪ ಸ್ವಲ್ಪವಾಗಿ ಹೊತ್ತು ತರುತ್ತವೆ. ಇಂಥ ಅಸ್ಥಿರವಾದ ನೆಲದ ಮೇಲೆ ಮನೆ ಕಟ್ಟಬೇಕಾದರೆ ಹೂತುಕೊಳ್ಳುವ ವಿದ್ಯೆ ಬರಬೇಕು. ಅಲೆ ಹಿಂದೆ ಸರಿದ ಕ್ಷಣದಲ್ಲಿ ಒದ್ದೆ ಮರಳನ್ನು ಸೂಕ್ಷ್ಮವಾಗಿ ನೋಡಿದರೆ, ಬೆರಳುಗುರಿನಷ್ಟು ಪುಟ್ಟ, ಬೆಣೆಯಾಕಾರದ ಚಿಪ್ಪುಗಳು ಒಮ್ಮೆಲೇ ಎದ್ದು ಕಾಣಿಸಿ, ಕಣ್ಣು ಮಿಟುಕಿಸುವುದರೊಳಗೆ ಮರಳೊಳಗೆ ಇಳಿದುಬಿಡುವುದು ಕಾಣುತ್ತದೆ. ಭರತ ಏರಿದಂತೆ ಇವು ಮೇಲಕ್ಕೆ, ಇಳಿದಂತೆ ಕೆಳಕ್ಕೆ ಅಲೆಯ ಸವಾರಿ ಮಾಡುತ್ತವೆ. ಇನ್ನೂ ಮೇಲೆ, ಒಣಮರಳಿನಲ್ಲಿ, ಮರಳಿನದೇ ಬಣ್ಣದ ಏಡಿಗಳ ಬಿಲಗಳಿವೆ. ಅದಕ್ಕೂ ಮೇಲೆ, ಉಬ್ಬರದ ನೀರು ಮುಟ್ಟದ ದಿಬ್ಬದಲ್ಲಿ, ಆಡಿನ ಗೊರಸಿನಂತೆ ಸೀಳಿದ ಎಲೆಯ, ನೇರಳೆ ಹೂವಿನ ಬಳ್ಳಿಯೂ, ಜನರು ರಾವಣನ ಮೀಸೆಯೆಂದು ಕರೆಯುವ ಮುಳ್ಳುಹುಲ್ಲೂ ಮರಳನ್ನು ಹಿಡಿದುಕೊಂಡಿವೆ. ಈ ಎರಡನ್ನು ಕಿತ್ತು ಅಂಗಳ ಮಾಡಿಕೊಂಡಲ್ಲೆಲ್ಲ ಗಾಳಿ ಮರಳನ್ನು ಎತ್ತಿ ಊರೊಳಕ್ಕೆ ಸುರಿಯುತ್ತದೆ.

ಗುಡ್ಡವನ್ನೇರಿ ಕುಡ್ಲೆಯನ್ನು ದಾಟಿ ಓಂ ತೀರಕ್ಕೆ ಇಳಿಯುವಲ್ಲಿ ದೃಶ್ಯ ಬದಲಾಗುತ್ತದೆ. ಎರಡು ಅರ್ಧಚಂದ್ರಗಳು ಕೂಡಿದಂತಿರುವ ಆ ಕೊಲ್ಲಿಯ ನಡುವೆ ಬಂಡೆಗಳ ಮೂಗೊಂದು ಕಡಲಿಗೆ ಚಾಚಿದೆ. ಗುಡ್ಡದ ತಲೆಗೆ ಜಂಬಿಟ್ಟಿಗೆಯ ಕೆಂಪು ಟೊಪ್ಪಿಗೆ, ಅಲೆ ಬಡಿಯುವ ಮಟ್ಟದಲ್ಲಿ ಕಪ್ಪನೆಯ ಗಟ್ಟಿಬಂಡೆ. ವಿದೇಶೀ ಪ್ರವಾಸಿಗರೂ ಬೆಂಗಳೂರಿನ ತರುಣರೂ ಈ ಬಂಡೆಯ ಮೇಲೆ ಕುಳಿತು ಸೂರ್ಯಾಸ್ತವನ್ನು ನೋಡುತ್ತಾರೆ. ತಾವು ಕುಳಿತಿರುವುದು ಜನನಿಬಿಡವಾದ ಮಹಡಿಮನೆಯ ಛಾವಣಿಯ ಮೇಲೆ ಎಂಬುದು ಅವರಿಗೆ ತೋರುವುದು ಕಡಮೆ.

ಅಮಾವಾಸ್ಯೆಯ ಅಥವಾ ಹುಣ್ಣಿಮೆಯ ಮರುದಿನ, ಇಳಿತದ ಹೊತ್ತಿಗೆ ಇಲ್ಲಿಗೆ ಬರಬೇಕು. ಈ ಭಾಗದಲ್ಲಿ ಆಗ ಉಬ್ಬರಕ್ಕೂ ಇಳಿತಕ್ಕೂ ಸುಮಾರು ಎರಡು ಮೀಟರಿನ ಅಂತರವಿರುತ್ತದೆ. ಖಂಭಾತ ಕೊಲ್ಲಿಯಲ್ಲಿ ಹತ್ತು ಮೀಟರನ್ನೂ ಮೀರಿ ಏರುವ ನೀರಿನ ಮುಂದೆ ಇದು ಅಲ್ಪವೇ ಸರಿ. ಆದರೆ ಬಂಡೆಯ ನಿವಾಸಿಗಳಿಗೆ ಆಳೆತ್ತರದ ಈ ಜಾಗದಲ್ಲಿಯೇ ಬೆಟ್ಟದ ಬುಡದಿಂದ ಶಿಖರದವರೆಗಿನ ಎಲ್ಲ ಹವೆಗಳೂ ಇವೆ. ಮೇಲ್ಮಟ್ಟದಲ್ಲಿ, ಅಲೆಯ ತುಂತುರು ಮಾತ್ರ ತಾಕುವ ಬಿರುಕುಗಳಲ್ಲಿ, ಮೆಣಸಿನ ಕಾಳಿನಷ್ಟು ಗಾತ್ರದ ಶಂಖುಗಳು ಗುಂಪುಗೂಡಿ ಬಾಯಿ ಮುಚ್ಚಿಕೊಂಡು ನೀರಿಗಾಗಿ ಕಾಯುತ್ತವೆ. ಅದರ ಕೆಳಗೆ ಬಂಡೆ ಬೆಳ್ಳಗಾಗುತ್ತದೆ. ಆ ಬಿಳಿಯ ಪಟ್ಟಿ ಸುಣ್ಣದ ಬಳಿತವಲ್ಲ. ಪುಟ್ಟ ಜ್ವಾಲಾಮುಖಿಗಳಂತೆ ಒತ್ತೊತ್ತಾಗಿ ಅಂಟಿಕೊಂಡ ಬಾರ್ನಕಲ್ ಎಂಬ ಪ್ರಾಣಿಗಳ ಗೂಡು. ಮುಟ್ಟಿದರೆ ಕೈ ಕೊಯ್ಯುವ ಇವು ನೋಡಲು ಚಿಪ್ಪಿನ ಜಾತಿಯವಾದರೂ ನಿಜದಲ್ಲಿ ಸಿಗಡಿ-ಏಡಿಗಳ ಬಂಧುಗಳು. ಮರಿಯಾಗಿರುವಾಗ ಈಜಾಡಿ, ಪ್ರಾಯಕ್ಕೆ ಬಂದೊಡನೆ ತಲೆಯನ್ನು ಬಂಡೆಗೆ ಅಂಟಿಸಿಕೊಂಡು, ಉಳಿದ ಆಯುಷ್ಯವನ್ನೆಲ್ಲ ಕಾಲಿನಿಂದ ಆಹಾರವನ್ನು ಬಾಯಿಗೆ ಒದ್ದುಕೊಳ್ಳುತ್ತ ಕಳೆಯುತ್ತವೆ. ಇವುಗಳ ಕೆಳಗೆ ಕಲ್ಲಿಗೆ ಕಚ್ಚಿಕೊಂಡ ಸಿಂಪಿಗಳು, ಹಸಿರಂಚಿನ ಪಚ್ಚಿಲೆಗಳು. ಕಟ್ಟಕಡೆಗೆ, ದೊಡ್ಡ ಇಳಿತದಲ್ಲಿ ಮಾತ್ರ ಬಯಲಾಗುವ ಮಟ್ಟದಲ್ಲಿ, ಕಂದುಬಣ್ಣದ ಕಡಲಪಾಚಿಯ ಪೊದೆಗಳು.

ಮೇಲೆ ಶಂಖು, ನಡುವೆ ಬಾರ್ನಕಲ್, ಕೆಳಗೆ ಪಾಚಿ ಎಂಬ ಈ ಮೂರಂತಸ್ತು ಗೋಕರ್ಣದ ವಿಶೇಷವಲ್ಲ. ದಕ್ಷಿಣ ಆಫ್ರಿಕದಿಂದ ಹಿಡಿದು ಅನೇಕ ದೇಶಗಳ ಬಂಡೆತೀರಗಳನ್ನು ಸುತ್ತಿದ ಸ್ಟೀಫನ್‌ಸನ್ ದಂಪತಿಗಳು 1949ರಲ್ಲಿ ಇದನ್ನು ಲೋಕಕ್ಕೆಲ್ಲ ಸಾಮಾನ್ಯವಾದ ಕ್ರಮವೆಂದು ಸಾರಿದರು. ಜಾತಿಗಳು ಬದಲಾದರೂ ಅಂತಸ್ತುಗಳು ಬದಲಾಗುವುದಿಲ್ಲ. ಅಲೆಯ ಹೊಡೆತ ಬಲವಾಗಿರುವ ಮೂಗಿನ ತುದಿಯಲ್ಲಿ ತುಂತುರು ಹೆಚ್ಚು ಎತ್ತರಕ್ಕೆ ಹಾರುವುದರಿಂದ ಪಟ್ಟಿಗಳೆಲ್ಲ ಮೇಲಕ್ಕೇರಿ ಅಗಲವಾಗುತ್ತವೆ. ಕೊಲ್ಲಿಯ ಮರೆಯಲ್ಲಿ ಅವೇ ಕುಗ್ಗಿ ಕೆಳಗಿಳಿಯುತ್ತವೆ. ಆದ್ದರಿಂದ ಬಲ್ಲವನಿಗೆ ಅಲೆಯನ್ನು ಅಳೆಯುವ ಯಂತ್ರ ಬೇಡ. ಕಡಲು ಕನ್ನಡಿಯಂತೆ ಶಾಂತವಾಗಿರುವ ದಿನವೂ ಬಂಡೆಯ ಮೇಲಿನ ಬಿಳಿಯ ಪಟ್ಟಿಯನ್ನು ನೋಡಿಯೇ ಮಳೆಗಾಲದಲ್ಲಿ ಅಲ್ಲಿ ಎಂಥ ಹೊಡೆತ ಬೀಳುವುದೆಂದು ಹೇಳಬಲ್ಲನು.

ಆದರೆ ಎಲ್ಲವೂ ನೀರು ಬಿಸಿಲುಗಳ ಲೆಕ್ಕವೇ? ಹಾಗಿಲ್ಲವೆಂದು 1961ರಲ್ಲಿ ಜೋಸೆಫ್ ಕಾನೆಲ್ ಎಂಬ ವಿಜ್ಞಾನಿ ತೋರಿಸಿದನು. ಸ್ಕಾಟ್ಲೆಂಡಿನ ತೀರವೊಂದರಲ್ಲಿ ಎರಡು ಜಾತಿಯ ಬಾರ್ನಕಲ್‌ಗಳು ಒಂದರ ಮೇಲೊಂದು ಪಟ್ಟಿಯಾಗಿ ನೆಲೆಸಿದ್ದವು. ಕೆಳಗಿನ ದೊಡ್ಡ ಜಾತಿಯನ್ನು ಆತ ಕೆರೆದು ತೆಗೆದಾಗ ಮೇಲಿನ ಸಣ್ಣ ಜಾತಿ ಕೆಳಗೂ ಚೆನ್ನಾಗಿಯೇ ಬದುಕಿತು. ಅದಕ್ಕೆ ಕೆಳಗಿನ ಮನೆ ಒಗ್ಗದೆ ಇದ್ದುದಲ್ಲ. ನೆರೆಯವನು ಒತ್ತಿ ಹಿಸುಕಿ ಹೊರಗೆ ಅಟ್ಟಿದ್ದನು. ಮೇಲಿನ ಎಲ್ಲೆಯನ್ನು ಬಹುಮಟ್ಟಿಗೆ ಬಿಸಿಲು ಗೀಚುತ್ತದೆ, ಕೆಳಗಿನ ಎಲ್ಲೆಯನ್ನು ನೆರೆಹೊರೆಯವರು ಗೀಚುತ್ತಾರೆ. ಈ ಮಾತನ್ನು ಹಳ್ಳಿಯ ಬೇಲಿತಗಾದೆಗಳನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಓಂ ತೀರದಿಂದ ಮುಂದೆ ಗುಡ್ಡದ ಕಾಲುದಾರಿ ಹತ್ತಿ ಇಳಿದು ಬೇಲೆಕಾನಿಗೆ, ಅಲ್ಲಿಂದ ತದಡಿಗೆ ಬರುವ ಹೊತ್ತಿಗೆ ಅಲೆಯ ಸದ್ದು ಹಿಂದುಳಿಯುತ್ತದೆ. ಎದುರಿಗೆ ಅಘನಾಶಿನಿಯ ಅಳಿವೆ. ಶಿರಸಿಯ ಕಡೆಯ ಮಲೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ನೂರು ಮೀಟರಿಗೂ ಆಳಕ್ಕೆ ಧುಮುಕಿ, ಒಟ್ಟು ಸುಮಾರು 120 ಕಿಲೋಮೀಟರ್ ಹರಿದು ಬರುವ ಈ ಹೊಳೆಗೆ ದಾರಿಯಲ್ಲಿ ಅಣೆಕಟ್ಟೆಂಬುದು ಒಂದೂ ಇಲ್ಲ. ಕಾಳಿ, ಶರಾವತಿಗಳಿಗೆ ಇಲ್ಲದ ಭಾಗ್ಯವಿದು. ಮಳೆಗಾಲದಲ್ಲಿ ನೀರು ತನ್ನ ಇಚ್ಛೆಯಂತೆ ಬರುತ್ತದೆ, ಬೇಸಗೆಯಲ್ಲಿ ತನ್ನ ಇಚ್ಛೆಯಂತೆ ಸೊರಗುತ್ತದೆ. ಅಳಿವೆಯ ಬಾಳೆಲ್ಲ ಈ ಸ್ವೇಚ್ಛೆಯನ್ನೇ ನಂಬಿಕೊಂಡಿದೆ.

ಇಲ್ಲಿ ಅಳತೆಗೋಲು ಬದಲಾಗಬೇಕು. ಅಲೆಯ ಪ್ರಶ್ನೆ ಹಿಂದೆ ಸರಿದು ಉಪ್ಪಿನ ಪ್ರಶ್ನೆ ಮುಂದೆ ಬರುತ್ತದೆ. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುವುದು. ಬೇಸಗೆಯಲ್ಲಿ ಅಳಿವೆಯ ಬಾಯಲ್ಲಿ ನೀರು ಹೆಚ್ಚುಕಡಮೆ ಅಷ್ಟೇ ಉಪ್ಪು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಸೀಮೆಯಲ್ಲಿ ಆಷಾಢ-ಶ್ರಾವಣಗಳ ಹೊತ್ತಿಗೆ ಅದೇ ನೀರು ಬಹುಪಾಲು ಸಿಹಿಯಾಗಿಬಿಡುತ್ತದೆ. ಒಂದೇ ಮನೆಯಲ್ಲಿ ಆರು ತಿಂಗಳು ಕಡಲಿನವನಾಗಿಯೂ ಉಳಿದ ಕಾಲ ಹೊಳೆಯವನಾಗಿಯೂ ಬಾಳಬಲ್ಲವನಿಗೆ ಮಾತ್ರ ಇಲ್ಲಿ ಠಾವು. ಅಂಥ ಬಾಳಿನ ಪಟುತ್ವವನ್ನು ಪಡೆದದ್ದು ಬಳಚು.

ನೀರಿಳಿದ ಹೊತ್ತಿನಲ್ಲಿ ಅಳಿವೆಯ ನಡುವಣ ಮರಳುಗೆಸರಿನ ದಿಬ್ಬಗಳು ಆಮೆಯ ಬೆನ್ನಿನಂತೆ ಮೇಲೇಳುತ್ತವೆ. ಆಗ ಅಂಬಿಗರ, ಹರಿಕಂತ್ರರ, ಹಾಲಕ್ಕಿಗಳ ಹೆಂಗಸರು ಗಂಡಸರು ಬುಟ್ಟಿಗಳೊಡನೆ ಪಾತಿದೋಣಿಗಳಲ್ಲಿ ಬಂದಿಳಿಯುತ್ತಾರೆ. ಮೊಣಕಾಲುದ್ದದ, ಕೆಲವೆಡೆ ಸೊಂಟದುದ್ದದ ನೀರಿನಲ್ಲಿ ನಿಂತು ಕೆಸರನ್ನು ಕಾಲಿನಿಂದ ತಡವಿ, ಬಗ್ಗಿ, ಕೈಯಿಂದ ಚಿಪ್ಪುಗಳನ್ನು ಹೆಕ್ಕುತ್ತಾರೆ. ಕಣ್ಣಿಗೆ ಏನೂ ಕಾಣದಲ್ಲಿ ಕಾಲ್ಬೆರಳೇ ಅವರಿಗೆ ಕಣ್ಣು. ಮರಳು ಹೆಚ್ಚಾಗಿ ಕೆಸರು ಕಡಮೆಯಾದಲ್ಲಿ ಒಂದು ಬಗೆ, ಕೆಸರು ಹೆಚ್ಚಾದಲ್ಲಿ ಇನ್ನೊಂದು. ಬಾಯಿಯ ಬಳಿ ಒಂದು, ಸಿಹಿನೀರು ಬೇಗ ಮುಟ್ಟುವ ಮೇಲ್ಭಾಗದಲ್ಲಿ ದಟ್ಟ ಕಪ್ಪು ಚಿಪ್ಪಿನ ಮತ್ತೊಂದು. ಯಾವ ತಿಥಿಗೆ ಯಾವ ದಿಬ್ಬ ಎಷ್ಟು ಹೊತ್ತು ಬಯಲಾಗುವುದೆಂಬುದು ಅವರಿಗೆ ಬಾಯಿಪಾಠ. ಇಂದು ಬೆಳಗಿನ ಆರು ಗಂಟೆಗೆ ಇಳಿದ ನೀರು ನಾಳೆ ಇಳಿಯುವುದು ಆರೂ ಐವತ್ತರ ಸುಮಾರಿಗೆ. ಅಡಿಗೆ, ನೀರು, ಮಕ್ಕಳ ಶಾಲೆ, ಎಲ್ಲವೂ ಆ ಐವತ್ತು ನಿಮಿಷದ ಹಿಂದೆ ಹಿಂದೆ ಸರಿಯುತ್ತ ಹೋಗುತ್ತವೆ. ಕಾರವಾರದ ಕೋಡಿಬಾಗದಲ್ಲಿ ಕಡಲಜೀವಿಗಳ ಅಧ್ಯಯನಕ್ಕಾಗಿ ಸ್ಥಾಪಿತವಾದ ವಿಭಾಗದ ವಿದ್ಯಾರ್ಥಿಗಳು ಪುಸ್ತಕದಿಂದ ಕಲಿಯುವ ವಿಂಗಡಣೆಯ ಬಹುಭಾಗ ಈ ಬುಟ್ಟಿಗಳಲ್ಲಿ ಮೊದಲೇ ಬೇರ್ಪಟ್ಟು ಕುಳಿತಿರುತ್ತದೆ. ಬಳಚಿನ ಮಾಂಸ ಕುಮಟೆಯ ಪೇಟೆಯಿಂದ ಗೋವೆಯವರೆಗೂ ಹೋಗುತ್ತದೆ. ಭೂಮಿಯಿಲ್ಲದ ಎಷ್ಟೋ ಮನೆಗಳಿಗೆ ಈ ದಿಬ್ಬವೇ ಗದ್ದೆ.

ದಿಬ್ಬದಾಚೆ, ನೀರಿನ ಓಟ ಇನ್ನೂ ಮಂದವಾಗಿ ಸಣ್ಣ ಮಣ್ಣು ತಳವೂರುವಲ್ಲಿ, ಕಾಂಡ್ಲ ಕಾಡುಗಳಿವೆ. ಈ ಕೆಸರನ್ನು ಒಂದೆರಡು ಬೆರಳು ಕೆದಕಿದರೆ ಸಾಕು, ಕರ್ರಗಾಗಿ ಕೊಳೆತ ಮೊಟ್ಟೆಯ ವಾಸನೆ ಹೊಮ್ಮುತ್ತದೆ. ಗಾಳಿಯ ಪ್ರವೇಶವೇ ಅಲ್ಲಿಲ್ಲ. ಆದ್ದರಿಂದ ಒಂದು ಜಾತಿಯ ಮರ ಬೇರುಗಳನ್ನು ಕೊಡೆಯ ಕಡ್ಡಿಗಳಂತೆ ಮೇಲಿನಿಂದ ಇಳಿಬಿಟ್ಟು ನಿಂತಿದೆ. ಇನ್ನೊಂದು, ಉಸಿರಾಡುವ ಬೇರುಗಳನ್ನು ಪೆನ್ಸಿಲ್ಲುಗಳಂತೆ ಕೆಸರಿನಿಂದ ಮೇಲಕ್ಕೆ ನೆಟ್ಟಿದೆ. ಬೇರೂರಲು ಬೀಜಕ್ಕೆ ಸಮಯ ಸಿಗದಿರುವುದರಿಂದ ಮೊದಲಿನದು ತಾಯಿಮರದಲ್ಲಿಯೇ ಮೊಳೆತು, ಮೇಣದ ಬತ್ತಿಯಂತೆ ನೇತಾಡಿ, ಅನಂತರ ಕೆಳಗೆ ಬೀಳುತ್ತದೆ. ಅದರ ಬುಡದಲ್ಲಿ ಒಂದು ಕೈ ಮಾತ್ರ ಅತಿಯಾಗಿ ಬೆಳೆದ ಗಂಡು ಏಡಿಗಳು ಪಿಟೀಲು ಬಾರಿಸುವವರಂತೆ ಕೈಯಾಡಿಸುತ್ತವೆ.

ಕಾಂಡ್ಲದ ಮಹಿಮೆ ಈಗ ಎಲ್ಲರಿಗೂ ತಿಳಿದಿದೆ; ದಂಡೆಯ ಕೊರೆತವನ್ನು ತಡೆಯುವ, ಮೀನಿನ ಮರಿಗಳಿಗೆ ತೊಟ್ಟಿಲಾಗುವ ಈ ಮರಗಳನ್ನು ನೆಡುವುದು ಪುಣ್ಯಕಾರ್ಯವೆನಿಸಿದೆ. ಆದರೆ ಕೆಸರೆಲ್ಲವೂ ಕಾಂಡ್ಲಕ್ಕಾಗಿ ಅಲ್ಲ. ಬಯಲು ದಿಬ್ಬವನ್ನು ಖಾಲಿ ಜಾಗವೆಂದೆಣಿಸಿ ಅಲ್ಲಿ ಸಸಿಗಳನ್ನು ಸಾಲಾಗಿ ನೆಟ್ಟರೆ ಎರಡರಲ್ಲಿ ಒಂದಾಗುತ್ತದೆ. ನೀರಿನಡಿ ಹೆಚ್ಚು ಹೊತ್ತು ಮುಳುಗುವ ಸಸಿ ಕೊಳೆತುಹೋಗುತ್ತದೆ. ಬದುಕಿದರೆ ಅದರ ಬೇರುಗಳ ನಡುವೆ ಸಣ್ಣ ಮಣ್ಣು ತುಂಬಿ ಬಳಚಿನ ನೆಲೆ ಅಳಿಯುತ್ತದೆ, ಚಳಿಗಾಲದಲ್ಲಿ ಉತ್ತರದಿಂದ ಹಾರಿಬಂದು ಬಯಲು ಕೆಸರಿನಲ್ಲಿ ಹುಳು ಹೆಕ್ಕುವ ಹಕ್ಕಿಗಳು ಬೇರೆಡೆಗೆ ಹೋಗುತ್ತವೆ. ಮರವಿಲ್ಲದ ನೆಲವನ್ನು ಮರುಭೂಮಿಯೆಂದು ತಿಳಿಯುವ ಒಳ್ಳೆಯ ಮನಸ್ಸಿನವರಿಂದ ಕೇಡಿಗರಿಂದಾದಷ್ಟೇ ಹಾನಿಯಾಗಬಲ್ಲುದು.

ಗಡಿಗಳನ್ನು ಅರಿತು ನಡೆದುಕೊಂಡ ಮನುಷ್ಯನ ಕೆಲಸಕ್ಕೂ ಇಲ್ಲಿಯೇ ನಿದರ್ಶನವಿದೆ. ಮಾಣಿಕಟ್ಟೆಯ ಸುತ್ತಿನ ಗಜನಿ ಗದ್ದೆಗಳಲ್ಲಿ ಕಟ್ಟೆ ಹಾಕಿ, ಹಲಗೆಯ ಬಾಗಿಲಿನಿಂದ ಭರತದ ನೀರನ್ನು ಅಂಕೆಯಲ್ಲಿಟ್ಟು, ಮಳೆ ಉಪ್ಪನ್ನು ತೊಳೆದ ಮೇಲೆ ಕಗ್ಗವೆಂಬ ಬತ್ತವನ್ನು ಬಿತ್ತುತ್ತ ಬಂದರು. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಎತ್ತರದ ಪೈರು ಅದು. ಕೊಯಿಲಾದ ಮೇಲೆ ಬಾಗಿಲು ತೆರೆದು ಉಪ್ಪುನೀರನ್ನು ಬಿಟ್ಟುಕೊಂಡರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಸಾಣಿಕಟ್ಟೆಯಲ್ಲಿ ಅದೇ ನೀರನ್ನು ಮಡಿಗಳಲ್ಲಿ ನಿಲ್ಲಿಸಿ ಬಿಸಿಲಿಗೆ ಒಪ್ಪಿಸಿದರೆ ಉಪ್ಪು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಸಿಗಡಿಯ ಬೆಲೆ ಏರಿದಾಗ ಕೆಲವರು ಕಗ್ಗವನ್ನು ಬಿಟ್ಟು ವರ್ಷವಿಡೀ ಸಿಗಡಿಯನ್ನೇ ಸಾಕಹೊರಟರು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ದೇಶದ ಸಿಗಡಿಕೊಳಗಳನ್ನೆಲ್ಲ ಹೊಕ್ಕಾಗ ಕೈಸುಟ್ಟುಕೊಂಡರು.

ಇನ್ನು ಸರಕಾರದ ವಿಂಗಡಣೆ. 1991ರ ಫೆಬ್ರವರಿ 19ರಂದು ಹೊರಟ ಅಧಿಸೂಚನೆಯೊಂದಿಗೆ ಭಾರತದ ತೀರವೆಲ್ಲ ಕರಾವಳಿ ನಿಯಂತ್ರಣ ವಲಯವೆಂಬ ಹೆಸರನ್ನು ಪಡೆದು, ಉಬ್ಬರದ ಗೆರೆಯಿಂದ 500 ಮೀಟರಿನವರೆಗಿನ ನೆಲ ಅಂಕಿಗಳ ಪ್ರಕಾರ ಹಂಚಿಹೋಯಿತು. 2011ರಲ್ಲಿಯೂ 2019ರಲ್ಲಿಯೂ ಅದನ್ನು ಹೊಸದಾಗಿ ಬರೆದರು. ಕಾಂಡ್ಲ, ಕೆಸರುಬಯಲು, ಮರಳದಿಬ್ಬ, ಆಮೆ ಮೊಟ್ಟೆಯಿಡುವ ದಂಡೆ ಇವಕ್ಕೆಲ್ಲ ಒಂದನೆಯ ವರ್ಗದ ಮೊದಲ ಅಕ್ಷರ. ಉಬ್ಬರ-ಇಳಿತಗಳ ನಡುವಣ ಉಳಿದ ನೆಲಕ್ಕೆ ಎರಡನೆಯ ಅಕ್ಷರ. ಸಾವಿರ ಚದರ ಮೀಟರಿಗೆ ಮೀರಿದ ಕಾಂಡ್ಲವಾದರೆ ಸುತ್ತ 50 ಮೀಟರಿನ ರಕ್ಷೆ. ಹೊಳೆಯೊಳಗೆ ಕಡಲಿನ ಅಧಿಕಾರ ಎಲ್ಲಿಯವರೆಗೆಂಬುದಕ್ಕೆ ಕಾನೂನು ಹಿಡಿದ ಅಳತೆಯಂತೂ ಮೆಚ್ಚತಕ್ಕದ್ದು: ವರ್ಷದ ಅತ್ಯಂತ ಒಣಗಾಲದಲ್ಲಿ ನೀರಿನ ಸಾವಿರ ಪಾಲಿನಲ್ಲಿ ಐದು ಪಾಲು ಉಪ್ಪು ಸಿಗುವವರೆಗೆ. ನಾಲಗೆಯೇ ಮೋಜಣಿದಾರನಾದಂತೆ!

ಆದರೆ ಅದೇ ಕಾನೂನು ಜೀವಿಗಳನ್ನು ಮರೆತು ತಲೆಯೆಣಿಸಿದ್ದೂ ಉಂಟು. ಹಳ್ಳಿಗಾಡಿನ ತೀರದಲ್ಲಿ 200 ಮೀಟರಿನವರೆಗೆ ಹೊಸ ಕಟ್ಟಡ ಕೂಡದೆಂಬ ನಿಯಮವನ್ನು 2019ರಲ್ಲಿ ಸಡಿಲಿಸಿ, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವಲ್ಲಿ 50 ಮೀಟರಿಗೆ ಇಳಿಸಲು ಅವಕಾಶ ಮಾಡಿದರು. ಮರಳಿನ ಏಡಿ ಜನಗಣತಿಯನ್ನು ಓದಿರಲಾರದು. ಅಲೆಗೂ ಅದರ ಪರಿಚಯವಿಲ್ಲ.

ಹೆಸರಿಡುವುದರಲ್ಲಿ ಏನಿದೆ ಎಂದು ಕೇಳುವವರು ತದಡಿಯವರನ್ನು ಕೇಳಬೇಕು. ಕೆಸರು, ಬೀಳು, ನಿರುಪಯುಕ್ತ ಎಂಬ ಹೆಸರುಗಳು ಕಡತದಲ್ಲಿದ್ದ ಕಾಲದಲ್ಲಿ, 2000ದ ದಶಕದಲ್ಲಿ, ಇದೇ ಅಳಿವೆಯ ದಡಕ್ಕೆ 4000 ಮೆಗಾವಾಟಿನ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಿತು. ಬಿಸಿನೀರು ಹೊಳೆಗೆ, ಬೂದಿ ಗದ್ದೆಗೆ ಎಂದು ಜನ ಎದ್ದುನಿಂತರು. ಬಳಚಿನ ಬುಟ್ಟಿಗಳ ಲೆಕ್ಕವನ್ನು ವಿಜ್ಞಾನಿಗಳು ಕಾಗದಕ್ಕಿಳಿಸಿದರು. ಬಿಟ್ಟಿ ಬಿದ್ದಿದೆಯೆಂದು ತಿಳಿದಿದ್ದ ಕೆಸರು ಸಾವಿರಾರು ಜನರ ಹೊಟ್ಟೆ ಹೊರೆಯುತ್ತಿದೆಯೆಂಬುದು ಬೆಳಕಿಗೆ ಬಂದಿತು. ಸ್ಥಾವರ ಏಳಲಿಲ್ಲ. 2024ರಲ್ಲಿ ಅಘನಾಶಿನಿಯ ಅಳಿವೆ, 4801 ಹೆಕ್ಟೇರಿನ ವಿಸ್ತಾರದೊಂದಿಗೆ, ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಯನ್ನು ಸೇರಿತು. ನೆಲ ಅದೇ, ಕೆಸರೂ ಅದೇ. ಹೆಸರು ಮಾತ್ರ ಬದಲಾಯಿತು. ಮರಳನ್ನೂ ಚಿಪ್ಪುಗಳನ್ನೂ ತಳದಿಂದ ಬಾಚಿ ತೆಗೆಯುವ ಆಸೆ ಮಾತ್ರ ಹೆಸರಿನಿಂದ ಅಡಗುವಂಥದಲ್ಲ. ತಳ ಬದಲಾದರೆ ಮೇಲಿನ ನಿವಾಸಿಗಳೂ ಬದಲಾಗುತ್ತಾರೆ, ಆಗ ಪಟ್ಟಿಯಲ್ಲಿ ಬರೆದ ಅಳಿವೆಯೊಂದು, ಹೊಳೆಯಲ್ಲಿರುವುದು ಇನ್ನೊಂದು.

ಸಂಜೆಯ ಹೊತ್ತಿಗೆ ತದಡಿಯ ಧಕ್ಕೆಯಲ್ಲಿ ದೋಣಿಗಾಗಿ ಜನ ಸೇರುತ್ತಾರೆ. ಆಚೆಯ ದಡದಲ್ಲಿ ಹೊಳೆಯ ಹೆಸರನ್ನೇ ಹೊತ್ತ ಅಘನಾಶಿನಿ ಊರು. ನಡುವಿನ ದಿಬ್ಬದ ಅಂಚು ಮೊದಲು ಹೊಳೆಯುತ್ತದೆ, ಅನಂತರ ತೆಳ್ಳಗಾಗುತ್ತದೆ, ಭರತ ತಿರುಗಿತು. ಬಗ್ಗಿದ್ದವರು ಒಬ್ಬೊಬ್ಬರಾಗಿ ಸೊಂಟ ನೆಟ್ಟಗೆ ಮಾಡಿ, ಬುಟ್ಟಿಗಳನ್ನು ನೀರಿನಲ್ಲಿ ಅಲುಬಿ, ದೋಣಿಗೆ ಏರಿಸುತ್ತಾರೆ. ಕಡೆಯ ಹೆಂಗಸು ಹತ್ತುವ ಹೊತ್ತಿಗೆ ನೀರು ಅವಳ ಮೊಣಕಾಲನ್ನು ಮುಟ್ಟಿರುತ್ತದೆ. ನಾಳಿನ ಇಳಿತ ಐವತ್ತು ನಿಮಿಷ ತಡ.